ಅಲ್ಲಾಡದೆ ಮಲಗಿದ್ದ ಅಕ್ಕ

ಅಕ್ಕ ತೀರಿಕೊಂಡು ಮೂರು ತಿಂಗಳಾಯಿತು. ದುಃಖ ಆಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಅದರ ಮೇಲೆ ಸಿಟ್ಟು ಬಂದು ಕೂತುಬಿಟ್ಟಿದೆ, ಏಳು ಅಂದರೆ ಏಳುತ್ತಿಲ್ಲ. ನನಗೆ ಸಿಟ್ಟು ಮಾಡಿ ಅಭ್ಯಾಸವಿಲ್ಲ. ಸಿಟ್ಟು ಬಂದ ತಕ್ಷಣ ಬಿಪಿ ಏರಿತೇನೋ ಎಂದು ಹೆದರಿಕೆಯಾಗಿ, ಆ ಹೆದರಿಕೆಯಲ್ಲಿ ಸಿಟ್ಟು ಯಾತಕ್ಕೆ ಬಂದಿತ್ತೆಂಬುದೇ ಮರೆತುಹೋಗುವ ಗಿರಾಕಿ ನಾನು. ಈ ಸಲ ಹಾಗಾಗಲಿಲ್ಲ. ಬಿಪಿ ನೋಡಿಕೊಂಡೆ, ಸರಿಯಾಗಿಯೇ ಇತ್ತು. ಸಿಟ್ಟೂ ಹಾಗೇ ಇತ್ತು.

ಅಕ್ಕ ನನ್ನ ಒಡಹುಟ್ಟಿದವರಲ್ಲ. ಚಿತ್ರದುರ್ಗದ ಒಂದು ಖಾಸಗಿ ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ಎಂಆರ್‌ಐ ಯಂತ್ರ ನಡೆಸುವ ಟೆಕ್ನೀಷಿಯನ್, ಅವರು ಅಲ್ಲಿನ ಆಯಾ. ಅವರ ಹೆಸರನ್ನು ಹಾಜರಿ ಪುಸ್ತಕವೊಂದು ಬಿಟ್ಟರೆ ಬೇರೆ ಯಾರೂ ಬಳಸಿದ್ದಿಲ್ಲ. ಹಾಗಾಗಿ ನಾನೂ ಇಲ್ಲಿ ಬಳಸುವುದಿಲ್ಲ. ಹಿರಿಯೂರು ತಾಲ್ಲೂಕಿನ ಧರ್ಮಪುರದ ಆಚೆಯ ಹಳ್ಳಿ, ಮನೆಮಾತು ತೆಲುಗು, ನನಗಿಂತ ಎಂಟು ವರ್ಷ ದೊಡ್ಡವರು. ನನ್ನನ್ನು ‘ತಮ್ಮಾ’ ಎನ್ನುತ್ತಿದ್ದರು. ತಪ್ಪು ಮಾಡಿದ ದಿನ ಮಾತ್ರ ‘ಏನಪ್ಪ ಟೆಕ್ನೀಷಿಯನ್ನು’ ಎನ್ನುತ್ತಿದ್ದರು.

ನಮ್ಮ ಯಂತ್ರವೆಂದರೆ ಒಂದು ದೊಡ್ಡ ಅಯಸ್ಕಾಂತ. ಒಳಗೆ ಹೋಗುವವರ ಮೈಮೇಲೆ ಲೋಹ ಇರಬಾರದು. ಗಂಡಸರದು ಸುಲಭ, ಬೆಲ್ಟು, ಉಡಿದಾರದ ತಾಯಿತ, ಜೇಬಿನ ಬೀಗದ ಕೈ. ಹೆಂಗಸರದು ಹಾಗಲ್ಲ. ಬಳೆ, ಕಾಲುಂಗುರ, ಓಲೆ, ಜಡೆಪಿನ್ನು, ಕೊನೆಗೆ ತಾಳಿ. ಆ ತಾಳಿಯ ಸರಕ್ಕೆ ಜೋತುಬಿದ್ದ ಆರೇಳು ಪಿನ್ನು ಬೇರೆ. ಹೊಸದುರ್ಗದಿಂದ ಬಂದಿದ್ದ ಒಬ್ಬ ಮುದುಕಿ, “ತಾಳಿ ತೆಗಿಯಾಕೆ ನನ್ ಗಂಡ ಸತ್ತಾನೇನೇ? ಹೊರಗೆ ಬೀಡಿ ಸೇದ್ತಾ ನಿಂತಾನೆ, ಹೋಗಿ ನೋಡು” ಎಂದು ಕೂಗಾಡಿದ್ದಳು.

“ತೆಗಿ ಅಂದೋರ್ಯಾರವ್ವ? ಬದಲಾಯ್ಸು ಅಂದೆ” ಎಂದರು ಅಕ್ಕ. ಡ್ರಾಯರಿನಿಂದ ಅರಿಶಿನ ಹಚ್ಚಿದ ದಾರ ತೆಗೆದು, ಅದಕ್ಕೊಂದು ಅರಿಶಿನದ ಕೊಂಬು ಕಟ್ಟಿ, ಮೊದಲು ಅದನ್ನು ಮುದುಕಿಯ ಕೊರಳಿಗೆ ಹಾಕಿ ಆಮೇಲೆ ತಾಳಿ ಬಿಚ್ಚಿದರು. “ಅರ್ಧ ಗಂಟೆ ನಿನ್ ಗಂಡನ ಆಯಸ್ಸು ಇದ್ರಾಗಿರ್ಲಿ. ಅಷ್ಟ್ರಾಗೆ ಬೀಡಿ ಸೇದಿ ಸತ್ರೆ ನನ್ನ ಕೇಳಬ್ಯಾಡ.”

ಮುದುಕಿ ನಕ್ಕುಬಿಟ್ಟಳು. ಡ್ರಾಯರಿನಲ್ಲಿ ಆ ದಾರಗಳನ್ನು ಹತ್ತತ್ತರಂತೆ ಸುತ್ತಿ ಇಟ್ಟಿರುತ್ತಿದ್ದರು. ಇದನ್ನು ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಮ್ಮ ಯಂತ್ರ ತಂದ ಕಂಪನಿಯ ಪುಸ್ತಕದಲ್ಲಂತೂ ಇರಲಿಲ್ಲ.

ಇನ್ನೊಂದು ಅಭ್ಯಾಸವಿತ್ತು. ಕೊಳವೆಯೊಳಗೆ ಹೋದ ಮೇಲೆ ಜನ ಹೆದರುತ್ತಾರೆ. ತಲೆಯ ಸುತ್ತ ಯಾರೋ ತಗಡು ಬಡಿದ ಹಾಗೆ ಸದ್ದು. ನಾನು ಮೈಕಿನಲ್ಲಿ “ಏನೂ ಆಗಲ್ಲ, ಏನೂ ಆಗಲ್ಲ” ಎನ್ನುತ್ತಿದ್ದೆ. ನನಗೇ ನಂಬಿಕೆಯಿಲ್ಲದ ಮಾತು. ದಿನವೂ ಗಡ್ಡೆಗಳ ಚಿತ್ರ ನೋಡಿ ನೋಡಿ, ತಲೆನೋವು ಬಂದಾಗಲೆಲ್ಲ ನನಗೂ ಒಂದು ಇದೆಯೆಂದು ಖಾತ್ರಿಯಾಗಿ, ಎರಡು ಸಲ ನನ್ನ ತಲೆಯನ್ನೇ ಅದರೊಳಗೆ ತೂರಿಸಿ ನೋಡಿಕೊಂಡವನು ನಾನು. ಅಕ್ಕ ಹಾಗೆ ಎಂದೂ ಹೇಳುತ್ತಿರಲಿಲ್ಲ. “ಗದ್ದಲ ಆಗತೈತೆ. ಹೆದರಿಕೆನೂ ಆಗತೈತೆ. ಹೆದರ್ಕ. ಅಲ್ಲಾಡಬ್ಯಾಡ, ಅಷ್ಟೆ” ಎನ್ನುತ್ತಿದ್ದರು. ಕಿವಿಗೆ ಹತ್ತಿ ತುರುಕಿಕೊಂಡು ಯಂತ್ರದ ಬಾಯಿಯ ಬಳಿ ಸ್ಟೂಲು ಹಾಕಿಕೊಂಡು ಕೂತು, ಒಳಗಿದ್ದವರ ಕಾಲಿನ ಹೆಬ್ಬೆರಳು ಹಿಡಿದುಕೊಳ್ಳುತ್ತಿದ್ದರು. ಮುಗಿಯುವ ತನಕ ಬಿಡುತ್ತಿರಲಿಲ್ಲ. ಅಲ್ಲಾಡಿದರೆ ಚಿತ್ರ ಕಲಸಿಹೋಗುತ್ತದೆ, ಮತ್ತೆ ಮೊದಲಿನಿಂದ ಮಾಡಬೇಕು. ಅವರು ಕೂತ ದಿನ ನಾನು ಎರಡನೆಯ ಸಲ ಮಾಡಿದ್ದು ಅಪರೂಪ.

ಇನ್ನು ಆ ದಿನದ ವಿಷಯ. ಬೇರೆ ಎಲ್ಲ ಬರೆದು ಇದನ್ನು ಕೊನೆಗೆ ತಳ್ಳೋಣ ಎಂದುಕೊಂಡಿದ್ದೆ. ತಳ್ಳುವುದು ನನ್ನ ಹಳೆಯ ಚಾಳಿ, ಆದ್ದರಿಂದ ಇಲ್ಲೇ ಬರೆಯುತ್ತೇನೆ. ಒಬ್ಬ ಭಾರೀ ಮೈಯ ರೋಗಿಯನ್ನು ಟ್ರಾಲಿಯಿಂದ ಯಂತ್ರದ ಹಲಗೆಗೆ ಸಾಗಿಸಬೇಕಿತ್ತು. ತಲೆಯ ಕಡೆ ಅಕ್ಕ, ಕಾಲಿನ ಕಡೆ ನಾನು. ಟ್ರಾಲಿಯ ಚಕ್ರಕ್ಕೆ ಬ್ರೇಕು ಹಾಕುವುದು ನನ್ನ ಕೆಲಸ. ಮನೆ ಬಿಡುವಾಗ ಗ್ಯಾಸ್ ಆಫ್ ಆಗಿದೆಯೇ ಎಂದು ಮೂರು ಸಲ ಹೋಗಿ ನೋಡಿ ಬರುವ ಮನುಷ್ಯ, ಆವತ್ತು ಬ್ರೇಕು ಹಾಕಲಿಲ್ಲ. ಟ್ರಾಲಿ ಸರಿಯಿತು, ರೋಗಿಯ ಭಾರವೆಲ್ಲ ಅತ್ತ ವಾಲಿತು, ಹಲಗೆಯ ಅಂಚಿಗೂ ಟ್ರಾಲಿಯ ಸರಳಿಗೂ ನಡುವೆ ಅಕ್ಕನ ಬಲಗೈ ಸಿಕ್ಕಿಕೊಂಡಿತು. ಅವರು ರೋಗಿಯನ್ನು ಬಿಡಲಿಲ್ಲ. “ತಮ್ಮಾ, ಬ್ರೇಕು” ಎಂದರು, ಮೆಲ್ಲಗೆ.

ಮಣಿಕಟ್ಟಿನ ಮೇಲೆ ಎಲುಬು ಬಿರಿದಿತ್ತು. ಪ್ಲಾಸ್ಟರ್ ಹಾಕಿದರು, ಆರು ವಾರಕ್ಕೆ ಬಿಚ್ಚಿದರು, ಎಕ್ಸ್‌ರೇಯಲ್ಲಿ ಎಲುಬು ಕೂಡಿತ್ತು. ನೋವು ಮಾತ್ರ ಹೋಗಲಿಲ್ಲ, ಬೆಳೆಯಿತು. ಪೆಟ್ಟು ಬಿದ್ದದ್ದು ಮಣಿಕಟ್ಟಿಗೆ, ಉರಿ ಮೊಣಕೈ ದಾಟಿ ಮೇಲಕ್ಕೆ ಏರಿತು. ಒತ್ತಿ ಹಿಡಿದರೆ ಹೇಗೋ ತಡೆಯುತ್ತಿದ್ದರು. ಸೆರಗು ತಾಗಿದರೆ, ಫ್ಯಾನಿನ ಗಾಳಿ ಸೋಕಿದರೆ ಜೀವ ಹೋಗುತ್ತಿತ್ತು. “ಕಾದ ಎಣ್ಣೆ ಚೆಲ್ಲಿದಂಗೆ ಆಗತೈತೆ ತಮ್ಮಾ. ಚೆಲ್ಲಿದೋರು ಯಾರೂ ಕಾಣಲ್ಲ” ಎನ್ನುತ್ತಿದ್ದರು. ಗಾಯ ಮಾಯ್ದ ಮೇಲೂ ನರಗಳು, ಮಿದುಳು ನೋವಿನ ಕೂಗನ್ನು ನಿಲ್ಲಿಸದೆ ಇರಬಹುದು. ಇದಕ್ಕೊಂದು ಹೆಸರೂ ಇದೆ. ಆದರೆ ನೋಡಿದ ಪ್ರತಿ ಕಾಗದದಲ್ಲೂ ಅವರಿಗೆ ಸಿಕ್ಕಿದ್ದು ‘ನಾರ್ಮಲ್’ ಎಂಬ ಒಂದೇ ಪದ.

ಅವರು ಕೇಳಿದ್ದು ಬಹಳ ಸಣ್ಣದು. ಹೊರಗಿನ ಟೋಕನ್ ಕೌಂಟರಿನಲ್ಲಿ ಕೂತು ಹೆಸರು ಕರೆಯುವ ಕೆಲಸ. ಓದು ಬರಹ ಬರುತ್ತಿತ್ತು, ಜನರನ್ನು ಸಂಭಾಳಿಸುವುದು ಬರುತ್ತಿತ್ತು. ರೋಗಿಗಳನ್ನು ಎತ್ತಿ ಇಳಿಸುವುದೊಂದು ಆಗುತ್ತಿರಲಿಲ್ಲ. ಸೆಂಟರಿನ ಮಾಲೀಕರನ್ನು ನಾವು ದೊಡ್ಡ ಡಾಕ್ಟರು ಎನ್ನುತ್ತೇವೆ. ಅವರ ಕೋಣೆಗೆ ಅಕ್ಕ ಮೂರು ಸಲ ಹೋದರು. ಮೂರು ಸಲವೂ ಜೊತೆಗೆ ನಾನಿದ್ದೆ, ಬಾಗಿಲ ಬಳಿ, ಫೈಲು ಹಿಡಿದುಕೊಂಡು.

“ಎಲುಬು ಕೂಡಿದೆಯಲ್ಲಮ್ಮ, ಇನ್ನೇನು ನೋವು?” ಎಂದರು ದೊಡ್ಡ ಡಾಕ್ಟರು ಮೊದಲ ಸಲ. ಎರಡನೆಯ ಸಲ “ಮನಸ್ಸು ಗಟ್ಟಿ ಮಾಡ್ಕೋಬೇಕು” ಎಂದರು. ಮೂರನೆಯ ಸಲ ನಗುತ್ತಾ, “ಎಲ್ಲರೂ ಕೂತ್ಕೊಳ್ಳೋ ಕೆಲಸ ಕೇಳಿದ್ರೆ ನಿಂತ್ಕೊಳ್ಳೋರು ಯಾರು?” ಎಂದರು.

ನಾನು ಬಾಯಿ ಬಿಡಲಿಲ್ಲ. ನೋವು ನಿಜವೆಂದಾದರೆ ಅದು ಎಲ್ಲಿಂದ ಬಂತು ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯ ಹಿಂದೆಯೇ ಬ್ರೇಕು ಹಾಕಬೇಕಾದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಅಕ್ಕ ಅದನ್ನು ಒಂದು ಸಲವೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಅನುಕೂಲವಾದರೂ ಇರುತ್ತಿತ್ತು.

ಆ ಹೊತ್ತಿಗೆ ಸಂಶೋಧನೆಯವರು ಬಂದರು. ದೊಡ್ಡ ಊರಿನ ಒಂದು ಸಂಸ್ಥೆಯ ತಂಡ; ಅದರಲ್ಲಿ ಭಾನುವಾರ ಭಾನುವಾರ ನಮ್ಮಲ್ಲಿಗೆ ಬರುತ್ತಿದ್ದವರು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಮೇಡಂ. ವರ್ಷಗಟ್ಟಲೆ ನೋವು ಹೊತ್ತು ತಿರುಗುವವರ ಮಿದುಳು ಹೇಗೆ ಕೆಲಸ ಮಾಡುತ್ತದೆ, ಮುಟ್ಟಿದಾಗ ಏನಾಗುತ್ತದೆ, ಮಾತಿನ ಕೆಲಸ ಮಿದುಳಿನ ಯಾವ ಮಗ್ಗುಲಲ್ಲಿ ನಡೆಯುತ್ತದೆ, ಇವು ಅವರ ಪ್ರಶ್ನೆಗಳು. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದ ಕಡೆಯಿಂದ ಸೊಂಟ, ಕುತ್ತಿಗೆ, ಮಂಡಿ ಹಿಡಿದುಕೊಂಡವರನ್ನು ವ್ಯಾನಿನಲ್ಲಿ ಕರೆತರುತ್ತಿದ್ದರು. ಭಾನುವಾರದ ಕೆಲಸಕ್ಕೂ ಅಕ್ಕನೇ ಬೇಕು.

ಮೇಡಂ ಮೊದಲ ದಿನವೇ ಸೋತರು. “ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವು ಎಷ್ಟು?” ಎಂದು ಕೇಳಿದರೆ, ಧರ್ಮಪುರದ ಕಡೆಯ ಹೆಂಗಸು, “ಹನ್ನೆರಡಾಣೆ ಐತೆ ಕಣಮ್ಮ, ಮಾತ್ರೆ ತಗಂಡ್ರೆ ಎಂಟಾಣೆಗೆ ಇಳಿತೈತೆ” ಎಂದಳು. ಮೇಡಂ ನನ್ನ ಮುಖ ನೋಡಿದರು, ನಾನು ಅಕ್ಕನ ಮುಖ ನೋಡಿದೆ.

“ಹದಿನಾರಾಣೆ ಅಂದ್ರೆ ನಿಮ್ ಹತ್ತು ಕಣ್ರಮ್ಮ. ಹನ್ನೆರಡಾಣೆ ಅಂದ್ರೆ ಏಳೂವರೆ ಬರ್ಕಳ್ರಿ” ಎಂದರು ಅಕ್ಕ. ಆಣೆ ಚಲಾವಣೆಯಿಂದ ಹೋಗಿ ಎಷ್ಟು ಕಾಲವಾಯಿತೋ, ನಮ್ಮ ಕಡೆ ನೋವು ಮಾತ್ರ ಇನ್ನೂ ಅದರಲ್ಲೇ ಇದೆ. ಮಾರನೆಯ ವಾರ ಮೇಡಂ ಪ್ರಶ್ನೆಪತ್ರಿಕೆಯ ಮೂಲೆಯಲ್ಲಿ ಆಣೆಯ ಪಟ್ಟಿ ಬರೆದುಕೊಂಡು ಬಂದಿದ್ದರು.

ಮುಟ್ಟುವ ಪರೀಕ್ಷೆಗೆ ಮೆತ್ತನೆಯ ಕುಂಚದಿಂದ ತೋಳು ಸವರುವುದು, ಆಮೇಲೆ ಸ್ವಲ್ಪ ಬಿಸಿ ತಾಗಿಸುವುದು. ಮೊದಮೊದಲು ಇದನ್ನು ನಮ್ಮ ನರ್ಸಿನ ಕೈಯಲ್ಲಿ ಮಾಡಿಸುತ್ತಿದ್ದರು. ಮೊದಲ ಮೂರು ಭಾನುವಾರ ಮೇಡಂ ಕಂಪ್ಯೂಟರಿನ ಮುಂದೆ ಹಣೆ ಚಚ್ಚಿಕೊಂಡರು. ನೋವಿನವರು ನೋವಿನವರ ಹಾಗೆ ಕಾಣುತ್ತಿಲ್ಲ, ಎಲ್ಲೋ ತಪ್ಪಿದೆ ಎಂದು. ಯಂತ್ರದ್ದಿರಬಹುದು ಎಂದು ನಾನು ಹೆದರಿ ಎರಡು ರಾತ್ರಿ ನಿದ್ದೆಗೆಟ್ಟೆ. ನಾಲ್ಕನೆಯ ವಾರ ಮೇಡಂ ತಾವೇ ಕುಂಚ ಹಿಡಿದು ಒಳಗೆ ಹೋಗಿ ನೋಡಿದರೆ ಅಕ್ಕ ಸ್ಟೂಲಿನ ಮೇಲೆ ಕೂತು ಹೆಬ್ಬೆರಳು ಹಿಡಿದಿದ್ದಾರೆ.

“ಅಕ್ಕಾ, ಇದನ್ನ ಎಲ್ಲರಿಗೂ ಮಾಡ್ತಿದ್ರಾ?”

“ಹಿಡಿದೆ ಇದ್ರೆ ಹೆದರ್ತಾರಮ್ಮ.”

“ಹಿಡಿದ್ರೆ ನೋವು ಕಮ್ಮಿ ಆಗುತ್ತೆ ಅಕ್ಕಾ!”

“ಒಳ್ಳೇದೇ ಆತಲ್ಲ!”

ಮೇಡಂ ನಗಬೇಕೋ ಅಳಬೇಕೋ ತಿಳಿಯದೆ ಗೋಡೆಗೆ ಒರಗಿ ನಿಂತರು. ಮೂರು ಭಾನುವಾರದ ಕೆಲಸ ಕಸದ ಬುಟ್ಟಿಗೆ ಹೋಯಿತು. ಅದಾದ ಮೇಲೆ ಅಕ್ಕ ಹೊರಗೆ ನನ್ನ ಪಕ್ಕ ಗಾಜಿನ ಹಿಂದೆ ನಿಲ್ಲಬೇಕಾಯಿತು. ಆ ಕೆಲಸ ಅವರಿಗೆ ಸೇರಲಿಲ್ಲ. “ನೋವು ನೋಡಾಕೆ ಬಂದು, ಕಮ್ಮಿ ಮಾಡಬ್ಯಾಡ ಅಂತಾರಲ್ಲ ತಮ್ಮಾ” ಎಂದು ಗೊಣಗುತ್ತಿದ್ದರು.

ಎಡಗೈಯ ವಿಷಯ ಇನ್ನೊಂದು. ಬಹಳ ಜನರಲ್ಲಿ ಮಾತಿನ ಕೆಲಸ ಮಿದುಳಿನ ಎಡಭಾಗದಲ್ಲಿ ನಡೆಯುತ್ತದಂತೆ; ಎಡಚರಲ್ಲಿ ಕೆಲವರಿಗೆ ಬಲಕ್ಕೋ, ಎರಡೂ ಕಡೆಗೋ ಹಂಚಿರುತ್ತದಂತೆ. ಅದಕ್ಕೆ ಮಾತಿನ ಪರೀಕ್ಷೆಗೆ ಬಲಗೈಯವರು ಮಾತ್ರ ಬೇಕಿತ್ತು. ಕೇಳಿದರೆ ಬಂದವರೆಲ್ಲ ಬಲಗೈಯವರೇ. ಮೇಡಂ ಖುಷಿಯಾಗಿ ಗುರುತು ಹಾಕಿಕೊಳ್ಳುತ್ತಿದ್ದರು. ಅಕ್ಕ ಹಿಂದಿನಿಂದ ತಲೆಯಾಡಿಸಿ, ಒಬ್ಬ ಹೆಂಗಸಿನ ಕೈಗೆ ಪೊರಕೆ ಕೊಟ್ಟು, “ಇಲ್ಲಿ ಒಸಿ ಗುಡಿಸವ್ವ” ಎಂದರು. ಆಕೆ ಎಡಗೈಯಲ್ಲಿ ಸರಸರ ಗುಡಿಸಿದಳು.

“ಎಡಗೈಲಿ ಉಂಡ್ರೆ ಅವ್ವ ಬರೆ ಹಾಕ್ತಿದ್ಲು. ಎಡಗೈಲಿ ಕಸ ಹೊಡೆದ್ರೆ ಯಾರು ಕೇಳ್ತಾರಮ್ಮ?” ಎಂದು ಅಕ್ಕ ತಮ್ಮ ಎಡ ಮಣಿಕಟ್ಟು ತೋರಿಸಿದರು. ಅಲ್ಲಿ ಹಳೆಯ ಬರೆಯೊಂದು ಬೆಳ್ಳಗೆ ಇತ್ತು. ಅಂದಿನಿಂದ ಪ್ರಶ್ನೆಪತ್ರಿಕೆಯ ಜೊತೆಗೆ ಪೊರಕೆಯೂ ಸೇರಿತು.

ಅವರ ಬಾಯಿ ಸುಮ್ಮನಿರುವುದಲ್ಲ. ಮನಸ್ಸಿನಲ್ಲೇ ‘ಕ’ ಅಕ್ಷರದ ಪದ ನೆನೆಸಿಕೊಳ್ಳಿ ಎಂದು ಮೇಡಂ ರೋಗಿಗಳಿಗೆ ಹೇಳುವಾಗ, “ಯಾವ ಭಾಷೆಯಾಗೆ?” ಎಂದು ಅಕ್ಕ ಕೇಳಿದರು. ಮೇಡಂ ಅದನ್ನು ಯೋಚಿಸಿರಲಿಲ್ಲ. “ನಂಗೆ ನೋವು ತೆಲುಗಿನಾಗೆ ಬರತೈತೆ, ಕೆಲಸ ಕನ್ನಡದಾಗೆ. ಬೈಗುಳಕ್ಕೆ ಎರಡೂ ಸಾಲಲ್ಲ.”

ಆದರೆ ಒಂದು ದಿನ ಅವರು ತಮಾಷೆ ಮಾಡಲಿಲ್ಲ. ನೋವು ತಡೆಯಲಾರದೆ ಒಳಗೆ ಹೊರಳಾಡಿದವರ ಚಿತ್ರಗಳನ್ನು ಕೈಬಿಡಬೇಕು, ಅವು ಕಲಸಿಹೋಗಿವೆ ಎಂದು ಮೇಡಂ ಪಟ್ಟಿಯಲ್ಲಿ ಗೆರೆ ಎಳೆಯುತ್ತಿದ್ದರು. ಗೆರೆ ಎಳೆದ ಹೆಸರುಗಳನ್ನು ಅಕ್ಕ ನಿಂತು ಓದಿದರು.

“ತಡಿಯಕ್ಕಾಗದೋರ್ನೆಲ್ಲ ಹೊರಗೆ ಹಾಕಿದ್ರಿ. ತಡಿಯೋರ್ನ ಇಟ್ಕಂಡ್ರಿ. ಇಟ್ಕಂಡು ನೋವಿನ ಮ್ಯಾಲೆ ಏನ್ ಓದ್ತೀರಮ್ಮ?”

ಮೇಡಂ ಪೆನ್ನು ಕೆಳಗಿಟ್ಟರು. “ನೀವು ಹೇಳೋದು ಸರಿ ಅಕ್ಕಾ. ನಮ್ಮ ಹತ್ರ ಇರೋ ದಾರಿ ಇಷ್ಟೇ” ಎಂದರು. ದೊಡ್ಡವರು ಒಪ್ಪಿಕೊಂಡದ್ದನ್ನು ನಾನು ಆ ಕಟ್ಟಡದಲ್ಲಿ ಕೇಳಿದ್ದು ಅದೊಂದೇ ಸಲ. ಆ ‘ದೊಡ್ಡವರಿಗೆ’ ಮೂವತ್ತೂ ತುಂಬಿರಲಿಲ್ಲ.

ಆಮೇಲೆ ಅಕ್ಕನೇ ಕೇಳಿದರು, ನನ್ನನ್ನೂ ಮಲಗಿಸಿ ನೋಡಿ ಎಂದು. ಮೇಡಂ ಒಪ್ಪಿದರು. ಎಡಗೈಯವರಾದ್ದರಿಂದ ಮಾತಿನ ಪರೀಕ್ಷೆ ಬೇಡ, ನೋವು ಮತ್ತು ಮುಟ್ಟುವುದು ಮಾತ್ರ ಎಂದರು. ಇದರಿಂದ ಒಬ್ಬರ ನೋವು ಇದೆಯೋ ಇಲ್ಲವೋ ಎಂದು ಹೇಳಲಾಗುವುದಿಲ್ಲ, ಬಹಳ ಜನರನ್ನು ಒಟ್ಟಿಗೆ ಇಟ್ಟು ನೋಡುವ ಕೆಲಸ ಇದು ಎಂದು ಬಿಡಿಸಿ ಹೇಳಿದರು. ಅಕ್ಕ ಕೇಳಿಸಿಕೊಂಡರು, ರುಜು ಹಾಕಿದರು. ಆದರೆ ಒಳಗಿನ ಆಸೆ ಬೇರೆ ಇತ್ತು. “ಎಕ್ಸ್‌ರೇಗೆ ಕಾಣ್ಲಿಲ್ಲ. ತಲೆಯಾಗಾದ್ರೂ ಕಾಣಬೋದು ತಮ್ಮಾ. ಕಂಡ್ರೆ ಕೌಂಟರ್ ಕೊಡ್ತಾರೆ” ಎಂದರು ನನ್ನ ಹತ್ತಿರ.

ಆ ಸುದ್ದಿ ದೊಡ್ಡ ಡಾಕ್ಟರಿಗೆ ಮುಟ್ಟಿತು. ಭಾನುವಾರ ಎಂದೂ ಬಾರದವರು ಆ ಭಾನುವಾರ ಬಂದರು. ಕಾಫಿ ಲೋಟ ಹಿಡಿದು ನನ್ನ ಕುರ್ಚಿಯ ಹಿಂದೆ ನಿಂತರು. “ನಮ್ಮ ಅಕ್ಕನ ನೋವು ನೋಡೋಣ ಬನ್ನಿ” ಎಂದರು. ಮೇಡಂ, “ಸರ್, ಇದು ಸಂಶೋಧನೆಗೆ ಮಾತ್ರ. ನೀವು ಇಲ್ಲಿ ಇರಬಾರದು” ಎಂದರೆ, “ಮೆಷಿನ್ ನಂದಲ್ಲವೇನಮ್ಮ?” ಎಂದು ನಕ್ಕರು. ಮೇಡಂ ಕುಂಚ ಹಿಡಿದು ಒಳಗೆ ಹೋಗಲೇಬೇಕಿತ್ತು. ಗಾಜಿನ ಈಚೆ ದೊಡ್ಡ ಡಾಕ್ಟರು, ನಾನು.

ಕುಂಚ ಅಕ್ಕನ ಬಲಗೈಯ ಮೇಲೆ ಸರಿಯಿತು. ಸೆರಗು ತಾಗಿದರೆ ಕಣ್ಣಲ್ಲಿ ನೀರು ಬರುವ ಕೈ. ನನ್ನ ಮುಂದಿನ ಪರದೆಯಲ್ಲಿ ತಲೆ ಎಷ್ಟು ಅಲ್ಲಾಡಿತು ಎಂದು ತೋರಿಸುವ ಗೆರೆಯೊಂದಿದೆ. ಬೇರೆಯವರಿಗೆ ಅದು ಕುಣಿಯುತ್ತಿತ್ತು. ಅಕ್ಕನದು ನೂಲು ಎಳೆದ ಹಾಗೆ ನೇರವಾಗಿತ್ತು. ಒಂದು ಸಲ, ಎರಡು ಸಲ, ಹತ್ತು ಸಲ. ನೋವು ಎಷ್ಟೆಂದು ತಿಳಿಸಲು ಎಡಗೈಗೆ ಕೊಟ್ಟಿದ್ದ ಗುಂಡಿಯನ್ನು ಪ್ರತಿ ಸಲ ಕಟ್ಟಕಡೆಯ ಅಂಕಿಗೇ ಒತ್ತಿದರು. ಗೆರೆ ಮಿಸುಕಲಿಲ್ಲ. ಇಪ್ಪತ್ತು ವರ್ಷ ಇಡೀ ಜಿಲ್ಲೆಯ ಜನಕ್ಕೆ ಅಲ್ಲಾಡಬ್ಯಾಡ ಎಂದು ಹೇಳಿಕೊಟ್ಟ ಹೆಂಗಸು ತನ್ನ ಸರದಿಯಲ್ಲಿ ಅಲ್ಲಾಡುತ್ತಾಳೆಯೇ? ಚಿತ್ರ ಕೆಟ್ಟರೆ ತನ್ನ ಹೆಸರಿನ ಮೇಲೂ ಗೆರೆ ಬೀಳುತ್ತದೆ ಎಂದು ಅವರಿಗೆ ಗೊತ್ತಿತ್ತು.

“ನೋಡ್ರೀ” ಎಂದರು ದೊಡ್ಡ ಡಾಕ್ಟರು. “ಕಾದ ಎಣ್ಣೆ ಅಂತಿದ್ಲು. ಕಾದ ಎಣ್ಣೆ ಬಿದ್ದೋರು ಹಿಂಗೆ ಮಲಗ್ತಾರಾ? ಗುಂಡಿ ಒತ್ತೋದು ಯಾರಿಗೆ ಬರಲ್ಲ? ಏನ್ರೀ, ನಿಮಗೇನಾದ್ರೂ ಕಾಣಿಸ್ತಾ?”

ಕಾಣಿಸುತ್ತಿತ್ತು. ಪಕ್ಕದಲ್ಲಿ ನಾಡಿ ತೋರಿಸುವ ಸಣ್ಣ ಪರದೆಯೊಂದಿತ್ತು. ಕುಂಚ ತಾಗಿದಾಗಲೆಲ್ಲ ಅದರ ಅಂಕಿ ಹಾರುತ್ತಿತ್ತು, ಕುಂಚ ಎತ್ತಿದಾಗ ನಿಧಾನವಾಗಿ ಇಳಿಯುತ್ತಿತ್ತು. ಪ್ರತಿ ಸಲ. ಅದನ್ನು ಬೆರಳು ತೋರಿಸಿ ಹೇಳಿದ್ದರೆ ಸಾಕಿತ್ತು. ನೋವಿಗೆ ಅದು ಪುರಾವೆಯಲ್ಲ, ಗೊತ್ತು. ಆದರೆ ನೋವಿಲ್ಲ ಎನ್ನುವುದಕ್ಕೆ ಅಲ್ಲಾಡದ ಗೆರೆಯೂ ಪುರಾವೆಯಲ್ಲ, ಅಷ್ಟಾದರೂ ಹೇಳಬಹುದಿತ್ತು.

“ಇಲ್ಲ ಸರ್. ಪಿಕ್ಚರ್ ಕ್ಲೀನ್ ಇದೆ” ಎಂದೆ.

ಅಕ್ಕ ಹೊರಗೆ ಬಂದಾಗ ತಲೆದಿಂಬಿನ ಹೊದಿಕೆ ಬೆವರಿಗೆ ಒದ್ದೆಯಾಗಿತ್ತು. ಕೆಳದುಟಿ ಹಲ್ಲಿಗೆ ಸಿಕ್ಕಿ ರಕ್ತ ಬಂದಿತ್ತು. “ಅಲ್ಲಾಡಿದ್ನಾ ತಮ್ಮಾ?” ಎಂದು ಕೇಳಿದರು. ಇಲ್ಲ ಅಕ್ಕ, ಎಂದೆ. “ಹಂಗಾರೆ ಕೌಂಟರ್ ಬಂತು ಬಿಡು” ಎಂದು ನಕ್ಕರು. ಆ ನಗು ನೆನಪಾದಾಗ ನನಗೆ ನನ್ನ ಮೇಲೆ ಬರುವಷ್ಟು ಸಿಟ್ಟು ದೊಡ್ಡ ಡಾಕ್ಟರ ಮೇಲೂ ಬರುವುದಿಲ್ಲ. ಅವರ ಮೇಲೆ ಬರುವುದೇನೂ ಕಡಿಮೆಯಲ್ಲ.

ಸೋಮವಾರ ದೊಡ್ಡ ಡಾಕ್ಟರು ಅಕ್ಕನನ್ನು ಕರೆಸಿ, “ತಲೆಯೊಳಗೂ ಏನೂ ಇಲ್ಲವಂತಮ್ಮ, ನಿಮ್ಮ ತಮ್ಮನೇ ನೋಡಿದಾನೆ” ಎಂದು ನನ್ನ ಕಡೆ ಕೈ ತೋರಿಸಿದರು. ವಿಷಯ ತಿಳಿದ ಮೇಲೆ ಮೇಡಂ ಫೋನಿನಲ್ಲಿ ಜಗಳವಾಡಿದರು, ಪತ್ರ ಬರೆದರು. ಸಂಶೋಧನೆಗೆ ಇನ್ನು ಜಾಗ ಕೊಡುವುದಿಲ್ಲವೆಂದು ಉತ್ತರ ಬಂತು. ಅದೆಲ್ಲ ಆಮೇಲಿನ ಮಾತು. ಆ ಸೋಮವಾರ ಅಕ್ಕ ನನ್ನ ಮುಖ ಒಂದು ಸಲ ನೋಡಿದರು. ಮಧ್ಯಾಹ್ನದವರೆಗೆ ಕೆಲಸ ಮಾಡಿ, ಡ್ರಾಯರಿನ ದಾರಗಳನ್ನು ಎಣಿಸಿ ಸುತ್ತಿಟ್ಟು, ಹೋದರು. ಮತ್ತೆ ಬರಲಿಲ್ಲ.

ಮುಂದಿನ ವರ್ಷ ನಾನು ಅಕ್ಕನನ್ನು ನೋಡಲು ಚಿಕ್ಕಜಾಜೂರಿಗೆ ಹೋದೆ. ಅವರ ಅಳಿಯ ರೈಲ್ವೆಯಲ್ಲಿ. ಕ್ವಾರ್ಟರ್ಸಿನಲ್ಲಿ ಮಗಳ ಜೊತೆ ಇದ್ದರು. ಬೇಸಿಗೆ, ಫ್ಯಾನು ಹಾಕಿರಲಿಲ್ಲ. ಗಾಳಿ ತಾಗಬಾರದಲ್ಲ. ಗೂಡ್ಸ್ ಗಾಡಿ ಹಾದಾಗ ನೆಲ ನಡುಗುತ್ತಿತ್ತು, ಅಕ್ಕ ಮಾತು ನಿಲ್ಲಿಸಿ ಕಣ್ಣು ಮುಚ್ಚಿಕೊಂಡು, ಗಾಡಿ ಹೋದ ಮೇಲೆ ನಿಲ್ಲಿಸಿದ ಕಡೆಯಿಂದ ಮುಂದುವರಿಸುತ್ತಿದ್ದರು. ಎಡಗೈಯಲ್ಲೇ ಚಾ ಕೊಟ್ಟರು. ನಾನು ಬೆವರುತ್ತಾ, ತೊದಲುತ್ತಾ, ಬ್ರೇಕಿನಿಂದ ಹಿಡಿದು ಗೆರೆಯವರೆಗೆ ಎಲ್ಲ ಹೇಳಿದೆ. ನಾಡಿಯ ಅಂಕಿಯನ್ನೂ ಹೇಳಿದೆ. ತಪ್ಪಾಯಿತು ಎಂದೆ.

“ಇಲ್ಲಿ ಯಾಕೆ ಹೇಳ್ತೀಯಲೇ?” ಎಂದರು. ‘ಲೇ’ ಎಂದದ್ದು ಅದೇ ಮೊದಲು. “ನೋವೈತೆ ಅಂತ ನಂಗೊತ್ತಿಲ್ವಾ? ನಂಗೆ ಹೇಳಾಕೆ ಬಸ್ ಹತ್ತಿ ಬಂದ್ಯಾ? ಆವಯ್ಯನ ಮುಂದೆ ಹೇಳು. ಬ್ರೇಕಿಂದು ಬಿಡು, ಅದು ಕೈತಪ್ಪು, ಯಾರಿಗಾದ್ರೂ ಆಗತೈತೆ. ಅಕ್ಕ ಸುಳ್ಳು ಹೇಳ್ಲಿಲ್ಲ ಅಂತ ಒಂದ್ ಮಾತು. ಬಾಯಾಗೆ ನಾಲಿಗೆ ಐತಲ್ಲ, ಅದು ಕೈತಪ್ಪಲ್ಲ.”

ಹೇಳುತ್ತೇನೆ ಅಕ್ಕ, ಎಂದೆ. ಬಸ್ಸಿನಲ್ಲಿ ಬರುತ್ತಾ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಸೋಮವಾರ ಯಂತ್ರ ಕೆಟ್ಟಿತು. ಮುಂದಿನ ಸೋಮವಾರ ದೊಡ್ಡ ಡಾಕ್ಟರ ಮನೆಯಲ್ಲಿ ಮದುವೆ. ಆಮೇಲೆ ನನ್ನ ಮಗಳ ಕಾಲೇಜಿನ ಚಿಂತೆ, ಕೆಲಸ ಹೋದರೆ ಈ ವಯಸ್ಸಿನಲ್ಲಿ ಯಾರು ಕೊಡುತ್ತಾರೆಂಬ ಚಿಂತೆ. ಎರಡು ವರ್ಷ ಹೀಗೇ ಹೋಯಿತು. ಒಂದು ಬೆಳಿಗ್ಗೆ ಅಕ್ಕ ಏಳಲಿಲ್ಲ. ಹೃದಯ ನಿಂತಿತ್ತಂತೆ.

ಸೆಂಟರಿನಲ್ಲಿ ಸಂತಾಪ ಸಭೆ ಮಾಡಿದರು. ಕಾಯುವ ಕೋಣೆಯಲ್ಲಿ ಮೇಜಿನ ಮೇಲೆ ಫೋಟೋ, ಹಾರ. ಅಕ್ಕನ ಮಗಳನ್ನೂ ಕರೆಸಿದ್ದರು. ದೊಡ್ಡ ಡಾಕ್ಟರು ಮಾತಾಡಿದರು. “ಅಷ್ಟು ವರ್ಷ ದುಡಿದರು. ಒಂದು ದಿನ ನೋವು ಅಂದವರಲ್ಲ. ಈಗಿನ ಸ್ಟಾಫು ಅವರನ್ನ ನೋಡಿ ಕಲೀಬೇಕು.”

ಎದ್ದು ನಿಂತದ್ದು ನಾನೇ ಎಂದು ನನಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ಅಂದಿದ್ರು ಸರ್. ಮೂರು ಸಲ ನಿಮ್ಮ ರೂಮಿಗೆ ಬಂದು ಅಂದಿದ್ರು. ಮೂರು ಸಲವೂ ನಾನು ಬಾಗಿಲಲ್ಲಿದ್ದೆ.”

“ಈಗ ಯಾಕ್ರೀ ಅದೆಲ್ಲ? ಕೂತ್ಕೊಳ್ಳಿ, ಬಿಪಿ ಏರುತ್ತೆ.”

“ನಾಲ್ಕನೇ ಸಲ ಮೆಷಿನ್‌ನಲ್ಲಿ ಅಂದ್ರು. ಅವರು ಅಲ್ಲಾಡದೆ ಇದ್ದದ್ದು ನೋವಿಲ್ದೆ ಅಲ್ಲ ಸರ್. ನಾಡಿ ಓಡ್ತಿತ್ತು, ನಾನು ನೋಡಿದೆ. ನೋಡಿ ಇಲ್ಲ ಅಂದೆ. ಆ ಕೈ ಮುರಿದಾಗ ಟ್ರಾಲಿಗೆ ಬ್ರೇಕು ಹಾಕದವನೂ ನಾನೇ. ಅಕ್ಕ ಸುಳ್ಳು ಹೇಳಲಿಲ್ಲ. ನಾನು ಹೇಳಿದೆ. ನೀವು ಅದನ್ನ ಬಳಸಿದ್ರಿ.”

ಕೊನೆಯ ಮಾತು ಸೀಳಿ ಕೀಚಲಾಗಿ ಬಂತು. ವೀರಾವೇಶದ್ದೇನೂ ಆಗಿರಲಿಲ್ಲ. ಸ್ಟಾಫಿನ ಹುಡುಗಿಯರು ನೆಲ ನೋಡಿದರು. ದೊಡ್ಡ ಡಾಕ್ಟರು ಮೊಬೈಲು ನೋಡಿಕೊಂಡು, “ಎಮೋಷನಲ್ ಆಗಿದಾರೆ” ಎಂದು ಯಾರಿಗೋ ಹೇಳಿ ಎದ್ದು ಹೋದರು. ಸಭೆ ಅಲ್ಲಿಗೆ ಮುಗಿಯಿತು. ಕೆಲಸದಿಂದ ಇನ್ನೂ ತೆಗೆದಿಲ್ಲ. ದಿನವೂ ಕಾಯುತ್ತಿದ್ದೇನೆ.

ಅಕ್ಕನ ಮಗಳು ನನ್ನ ಹತ್ತಿರ ಬಂದಳು. ಅಳುತ್ತಾಳೆ ಎಂದುಕೊಂಡೆ, ಕೈ ಹಿಡಿದುಕೊಳ್ಳುತ್ತಾಳೆ ಎಂದೂ ಅಂದುಕೊಂಡೆ. ಎರಡೂ ಮಾಡಲಿಲ್ಲ.

“ಮಾಮ, ಈಗ ಅಂದ್ರಲ್ಲ, ಅದನ್ನ ಬರೆದು ಕೊಡ್ರಿ.”

ಅಷ್ಟು ಹೇಳಿ ಮುಗಿಸಿದ ನನ್ನ ಬಾಯಿಂದ ಮೊದಲು ಬಂದ ಮಾತು, “ಯಾರಿಗೆ ತೋರಿಸ್ತೀಯಮ್ಮ?”

ಅವಳು ನನ್ನನ್ನು ನೋಡಿದ ರೀತಿಗೆ ನಾನು ಯೋಗ್ಯನೇ.

“ಯಾರಿಗೂ ಇಲ್ಲ. ಅವ್ವನ ಫೈಲಿನಾಗೆ ಹಾಕ್ತೀನಿ. ಅದ್ರಾಗಿರೋ ಕಾಗದೆಲ್ಲ ನಾರ್ಮಲ್ ನಾರ್ಮಲ್ ಅಂತಾವೆ. ಒಂದಾದ್ರೂ ಬ್ಯಾರೆ ಇರ್ಲಿ.”

ಟೋಕನ್ ಕೌಂಟರಿನ ಮೇಲೆ ಬಗ್ಗಿ ಬರೆದೆ. ರುಜು ಹಾಕಿದೆ. ಅವಳು ಕಾಗದ ತಿರುಗಿಸಿ ನೋಡಿ, “ರುಜು ಓದಾಕ್ ಬರಲ್ಲ, ಕೆಳಗೆ ಹೆಸರು ಬಿಡಿಸಿ ಬರೀರಿ” ಎಂದಳು. ಬಿಡಿಸಿ ಬರೆದೆ.